ಉಮ್ಮ್ ಸಲಾಲಿನ ಕೆಂಪು ಚುಕ್ಕಿ

ರಿತೇಶನ ಬಗ್ಗೆ ತಾತ್ಸಾರ ಹುಟ್ಟಲು ಕೊನ್ಸೆಪ್ಟಾ ಬಾಯಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ದುಬೈಯಿಂದ ಬಂದಿಳಿದ ಆ ಕಂಪ್ಯೂಟರ್ ತಜ್ಞ ದೋಹಾದ ಆಫೀಸಿಗೆ ಕಾಲಿಟ್ಟವನೇ ಟೈ ಸರಿಮಾಡಿಕೊಂಡು, ಮೊಬೈಲ್ ಫೋನನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅವಳ ಕಡೆ ತಿರುಗಿ, "ಆಂಟಿ, ಒಂದು ಟೀ ಸಿಗಬಹುದಾ?" ಎಂದ.

ಆಂಟಿಗೆ ನಲವತ್ತೇಳು ವರ್ಷ. ಕಿನ್ನಿಗೋಳಿಯಿಂದ ಬಂದು ಈ ಕಂಪನಿಯ ಸಂದೇಶ ಕಳಿಸುವ ಟೆಲೆಕ್ಸ್ ಯಂತ್ರದ ಮುಂದೆ ಕುಳಿತವಳು. ಟೆಲೆಕ್ಸ್ ಮೂಲೆ ಸೇರಿದ ಮೇಲೆ ಕಂಪ್ಯೂಟರ್ ಕೋಣೆಯ ಬೀಗದ ಕೈ ಹಿಡಿದವಳು. ಹದಿನಾರು ವರ್ಷಗಳಲ್ಲಿ ತನ್ನ ಕೈಯಿಂದ ಒಂದು ಕಾಗದವೂ ಕಳೆದುಹೋಗದಂತೆ ನೋಡಿಕೊಂಡಿದ್ದಳು. ಡಿಗ್ರಿಯೊಂದು ಇರಲಿಲ್ಲ. ಅದಿಲ್ಲದ ಕಾರಣಕ್ಕೇ ಪ್ರತಿ ಸಲವೂ ಹೊರಗಿನಿಂದ ಒಬ್ಬ ತಜ್ಞ ಬರುತ್ತಿದ್ದ. "ಟೀ ಮಾಡುವ ಕೋಣೆ ಅಲ್ಲಿ ಉಂಟು" ಎಂದು ಬೆರಳು ತೋರಿಸಿ ಅವಳು ತನ್ನ ಕೆಲಸಕ್ಕೆ ತಿರುಗಿದಳು.

ಅದು 1997ರ ಜೂನ್ ತಿಂಗಳು. ಟೈಲ್ಸು, ಪೈಪು, ನೀರಿನ ಪಂಪು ಮಾರುವ ಆ ಕಂಪನಿಗೆ ಅಲ್ ರಯ್ಯಾನಿನಲ್ಲೊಂದು ಗೋದಾಮು, ಉಮ್ಮ್ ಸಲಾಲಿನಲ್ಲೊಂದು ಅಂಗಡಿ. ಅಲ್ಲಿನ ಕಂಪ್ಯೂಟರುಗಳೆಲ್ಲ ದೋಹಾದ ಆಫೀಸಿಗೆ ಜೋಡಣೆಯಾಗಿದ್ದವು. ಎಲ್ಲಿ ಯಾವ ಯಂತ್ರ ನಡೆಯುತ್ತಿದೆ, ಯಾವುದು ನಿಂತಿದೆ ಎಂದು ಕುಳಿತಲ್ಲೇ ನೋಡಲು ಹೊಸ ಸಾಫ್ಟ್‌ವೇರ್ ತರಿಸಿದ್ದರು. ಪರದೆಯ ಮೇಲೆ ಒಂದು ನಕ್ಷೆ. ನಡೆಯುವ ಯಂತ್ರಕ್ಕೆ ಹಸಿರು ಚುಕ್ಕಿ, ನಿಂತದ್ದಕ್ಕೆ ಕೆಂಪು. ಐದೈದು ನಿಮಿಷಕ್ಕೊಮ್ಮೆ ಎಲ್ಲ ಯಂತ್ರಗಳ ಯೋಗಕ್ಷೇಮ ಕೇಳಿ ಅದು ಉತ್ತರವನ್ನು ಬರೆದಿಡಬೇಕು. ಹಾಗೆ ಬರೆದಿಡಲು ಹೊಸ ಸರ್ವರಿನಲ್ಲಿ ಒಂದು ಡೇಟಾಬೇಸ್ ಕಟ್ಟಬೇಕಿತ್ತು. ರಿತೇಶ ಬಂದದ್ದು ಅದಕ್ಕೆ.

ಕರೆಸಿದವರು ಮ್ಯಾನೇಜರ್ ಬಾವ ಸಾಹೇಬರು. ಪಾಣೆಮಂಗಳೂರಿನವರು. ಪೈಪನ್ನು ಬೆರಳಲ್ಲಿ ತಟ್ಟಿ ನೋಡಿಯೇ ಯಾವ ಊರಿನ ಮಾಲು ಎಂದು ಹೇಳಬಲ್ಲವರು. ಆದರೆ ಕಂಪ್ಯೂಟರ್ ಎಂದರೆ ಅವರ ಮಟ್ಟಿಗೆ ಫ್ರಿಜ್ಜಿನ ಹಾಗೆ: ಪ್ಲಗ್ ಚುಚ್ಚಿದರೆ ತಣ್ಣಗಾಗಬೇಕು. ರಿತೇಶನ ಟೈ ನೋಡಿಯೇ ಅವರು ಅರ್ಧ ಸೋತಿದ್ದರು. ಅವನ ಇಂಗ್ಲಿಷು ಕೇಳಿ ಪೂರ್ತಿ ಸೋತರು.

ಸಾಫ್ಟ್‌ವೇರಿನ ಜತೆ ಬಂದ ದಪ್ಪ ಪುಸ್ತಕದ ಪ್ಲಾಸ್ಟಿಕ್ಕನ್ನೂ ರಿತೇಶ ಬಿಚ್ಚಲಿಲ್ಲ. ಮಾನಿಟರ್ ತಗ್ಗಾಯಿತೆಂದು ಅದನ್ನು ಅಡಿಗಿಟ್ಟುಕೊಂಡ. ಪರದೆಯ ಮೇಲೆ ಒಂದೊಂದೇ ಪ್ರಶ್ನೆ ಬಂತು. ಮಾಹಿತಿಗೆ ಎಷ್ಟು ಜಾಗ ಬೇಕು? ಅವನು ಎಂಟರ್ ಒತ್ತಿದ. ಯಾವ ಡಿಸ್ಕಿನಲ್ಲಿ? ಎಂಟರ್. ಹಳೆಯದನ್ನು ಎಷ್ಟು ದಿನಕ್ಕೊಮ್ಮೆ ಅಳಿಸಬೇಕು? ಮತ್ತೆ ಎಂಟರ್. ಕಂಪನಿಯವರು ಮೊದಲೇ ತುಂಬಿಸಿಟ್ಟ ಉತ್ತರವೇ ಸಾಕು, ಅದಕ್ಕೆ ಡೀಫಾಲ್ಟ್ ಅನ್ನುತ್ತಾರೆ ಎಂದು ಬಾವ ಸಾಹೇಬರಿಗೆ ಪಾಠವನ್ನೂ ಮಾಡಿದ. ಡೇಟಾಬೇಸಿಗೆ ಏನು ಹೆಸರು ಎಂದು ಕೇಳಿದಾಗ ಮಾತ್ರ ಅವನ ಕೈ ನಿಂತಿತು. ಗಲ್ಲ ತುರಿಸಿಕೊಂಡು ಯೋಚಿಸಿ, ದೊಡ್ಡ ಅಕ್ಷರಗಳಲ್ಲಿ ತನ್ನ ಹೆಸರನ್ನೇ ಬರೆದ. ಬೆಳಗಿನಿಂದ ಅವನು ತಲೆ ಖರ್ಚು ಮಾಡಿದ ಜಾಗ ಅದೊಂದೇ ಎಂದು ಹಿಂದೆ ನಿಂತಿದ್ದ ಕೊನ್ಸೆಪ್ಟಾ ಲೆಕ್ಕ ಹಾಕಿದಳು.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಆಫೀಸಿಗೆ ಬಿಡುವು. ಎಲ್ಲರೂ ಊಟಕ್ಕೆ ಹೋದ ಮೇಲೆ ಅವಳು ಮಾನಿಟರಿನ ಅಡಿಯಿಂದ ಪುಸ್ತಕ ಎಳೆದು, ಆ ಜಾಗಕ್ಕೆ ಎರಡು ಟೆಲಿಫೋನ್ ಡೈರೆಕ್ಟರಿ ತುರುಕಿ, ಓದಲು ಕುಳಿತಳು. ನಲವತ್ತೊಂದನೆಯ ಪುಟದಲ್ಲಿ ಎಲ್ಲ ಬಿಡಿಸಿ ಹೇಳಿತ್ತು. ಮೊದಲೇ ತುಂಬಿಸಿಟ್ಟ ಗಾತ್ರ ಬರೀ ಪರೀಕ್ಷೆಗೆ. ಯಂತ್ರ ಎಷ್ಟು, ದಿನಕ್ಕೆ ಎಷ್ಟು ಸಲ ಕೇಳಬೇಕು ಎಂದು ಗುಣಿಸಿ ಜಾಗ ಕೊಡಬೇಕು. ಹಳೆಯದನ್ನು ಅಳಿಸುವ ಏರ್ಪಾಡೂ ಆಗಬೇಕು. ಇಲ್ಲವಾದರೆ ಜಾಗ ತುಂಬಿದ ದಿನ ಬರವಣಿಗೆ ನಿಲ್ಲುತ್ತದೆ, ಕೊನೆಗೆ ಬರೆದದ್ದೇನೋ ಅದೇ ಪರದೆಯ ಮೇಲೆ ಉಳಿಯುತ್ತದೆ. ಅವಳು ಪೆನ್ಸಿಲಿನಿಂದ ಗುಣಿಸಿ ನೋಡಿದಳು. ಇಪ್ಪತ್ತನಾಲ್ಕು ದಿನ. ಪುಟದ ಅಂಚಿನಲ್ಲಿ ತಾರೀಕು ಬರೆದಳು: ಜುಲೈ ಹತ್ತು.

ನಾಲ್ಕು ಗಂಟೆಗೆ ರಿತೇಶ ಸೆಂಟು ಪೂಸಿಕೊಂಡು ಬಂದ. ಡೇಟಾಬೇಸಿಗೆ ಕೊಟ್ಟ ಜಾಗ ಸಾಕಾಗುತ್ತದೆಯೇ ಎಂದು ಅವಳು ಕೇಳಿದ್ದು ನಿಜ. ಪುಸ್ತಕದ ಮಾತು ಎತ್ತುವ ಮೊದಲೇ ಅವನು ನಕ್ಕ.

"ಆಂಟಿ, ಇದು ಟೆಲೆಕ್ಸ್ ಅಲ್ಲ."

ಬಾವ ಸಾಹೇಬರೂ ನಕ್ಕರು. ಕೊನ್ಸೆಪ್ಟಾ ಪುಸ್ತಕವನ್ನು ತನ್ನ ಡ್ರಾಯರಿಗೆ ಹಾಕಿ ಬೀಗ ಜಡಿದಳು. ಇನ್ನು ಈ ಬಾಯಿ ತೆರೆಯುವುದಿಲ್ಲ ಎಂದು ಅವಳು ನಿಶ್ಚಯಿಸಿದ್ದು ಆ ಗಳಿಗೆಯಲ್ಲಿ. ಇಂಥವರಿಗೆ ಹೇಳಿ ತಿಳಿಸುವುದಲ್ಲ, ನಾಲ್ಕು ಜನರ ಎದುರು ಬೀಳುವುದನ್ನು ನಿಂತು ನೋಡಬೇಕು.

ಮಾಲೀಕರು ಬಂದು ಹಸಿರು ಚುಕ್ಕಿಗಳನ್ನು ನೋಡಿ ತಲೆಯಾಡಿಸಿ ಹೋದರು. ರಿತೇಶನನ್ನು ಇನ್ನೂ ಮೂರು ತಿಂಗಳು ಇಟ್ಟುಕೊಳ್ಳುವುದೆಂದಾಯಿತು. ಅವನು ದಿನವೂ ಬಂದು ಆ ಚುಕ್ಕಿಗಳನ್ನು, ತಾನೇ ಮೊಟ್ಟೆಯಿಟ್ಟವನ ಹಾಗೆ, ನೋಡಿಕೊಂಡು ಕೂರುತ್ತಿದ್ದ. ಕೊನ್ಸೆಪ್ಟಾ ದಿನ ಎಣಿಸುತ್ತಿದ್ದಳು. ಅಷ್ಟು ಖುಷಿಯಿಂದ ಆಫೀಸಿಗೆ ಬಂದು ಅವಳಿಗೆ ವರ್ಷಗಳಾಗಿದ್ದವು.

ಅವಳ ಲೆಕ್ಕ ತಪ್ಪಿದ್ದು ಒಂದೇ ದಿನ. ಜುಲೈ ಒಂಬತ್ತರ ಮಧ್ಯಾಹ್ನ ಉಮ್ಮ್ ಸಲಾಲಿನ ಅಂಗಡಿಯಲ್ಲಿ ರಿಪೇರಿಗೆಂದು ಇಪ್ಪತ್ತು ನಿಮಿಷ ಕರೆಂಟು ತೆಗೆದರು. ಅಲ್ಲಿನ ಚುಕ್ಕಿ ಕೆಂಪಾಯಿತು. ಡೇಟಾಬೇಸ್ ತುಂಬಿದ್ದೂ ಅದೇ ಹೊತ್ತಿಗೆ. ಕರೆಂಟು ಬಂತು, ಕಂಪ್ಯೂಟರುಗಳು ಎದ್ದು ಕುಳಿತವು, ಚುಕ್ಕಿ ಮಾತ್ರ ಕೆಂಪಾಗಿಯೇ ಉಳಿಯಿತು. ಉಳಿದ ಚುಕ್ಕಿಗಳು ಹಸಿರಾಗಿಯೇ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಕೊನ್ಸೆಪ್ಟಾ ಒಮ್ಮೆ ಪರದೆ ನೋಡಿದಳು, ಎಲ್ಲ ಅರ್ಥವಾಯಿತು. ಆ ದಿನ ಅವಳಿಗೆ ಬಂಗುಡೆ ಮೀನಿನ ಸಾರು ತುಂಬ ರುಚಿಸಿತು.

ಆದರೆ ರಿತೇಶ ಬೆವರಲಿಲ್ಲ. ಕೇಬಲ್ ಹಾಳಾಗಿದೆ ಎಂದುಬಿಟ್ಟ.

ಕೇಬಲ್ ಎಳೆದವನು ದೂಮಪ್ಪ. ಮೂಲ್ಕಿಯವನು, ಐವತ್ತು ದಾಟಿದವನು, ಸೊಂಟನೋವಿನ ಮನುಷ್ಯ. ಕಂಪನಿಯ ಗೋಡೆ, ನೆಲ, ಮಾಡಿನೊಳಗೆ ಯಾವ ತಂತಿ ಎಲ್ಲಿ ತಿರುಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವನು. ಅವನು ಉಮ್ಮ್ ಸಲಾಲಿಗೆ ಹೋಗಿ ಎರಡೆರಡು ಸಲ ನೋಡಿ ಬಂದ. ತಂತಿಗೆ ಏನೂ ಆಗಿಲ್ಲ, ಅಲ್ಲಿ ಕಂಪ್ಯೂಟರಿನಲ್ಲಿ ಹೊಡೆದ ಬಿಲ್ಲು ಇಲ್ಲಿಗೆ ಬರುತ್ತಲೇ ಉಂಟು ಎಂದು ಬಾವ ಸಾಹೇಬರಿಗೆ ಹೇಳಿದ. ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ, ಇದೇ ಕೆಟ್ಟ ಕೇಬಲಿನ ಲಕ್ಷಣ ಎಂದ ರಿತೇಶ. ಪರದೆ ತೋರಿಸಿ, "ಕಂಪ್ಯೂಟರ್ ಸುಳ್ಳು ಹೇಳ್ತದಾ ಸಾಹೇಬ್ರೆ?" ಎಂದು ಕೇಳಿದ. ಸಾಹೇಬರು ಪರದೆಯ ಕೆಂಪು ಚುಕ್ಕಿಯನ್ನೇ ನಂಬಿದರು. ಹಳೆಯದನ್ನು ಅಗೆದು ತೆಗೆದು ಹೊಸದು ಹಾಕಲು ಹೇಳಿದರು.

ಅಂಗಡಿಯಿಂದ, ದೋಹಾಕ್ಕೆ ಜೋಡಿಸುವ ಫೋನ್ ಲೈನು ಇದ್ದ ಹಿಂದಿನ ಶೆಡ್ಡಿನವರೆಗೆ ಬಟ್ಟ ಬಯಲು. ತಂತಿ ಹೋದದ್ದು ನೆಲದಡಿಯ ಪೈಪಿನೊಳಗೆ. ಜುಲೈಯ ಆ ಬಿಸಿಲಿನಲ್ಲಿ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು. ಶನಿವಾರ, ಆದಿತ್ಯವಾರ ದೂಮಪ್ಪ ಅಗೆದ. ಎರಡೂ ದಿನ ಕೊನ್ಸೆಪ್ಟಾ ತನ್ನ ಕುರ್ಚಿಯಲ್ಲಿ ಎಸಿಯ ಕೆಳಗೆ ಕುಳಿತು, ಇವತ್ತು ಬಯಲಾಗುತ್ತದೆ, ನಾಳೆ ಬಯಲಾಗುತ್ತದೆ ಎಂದು ಕಾದಳು. ಹೊಸ ತಂತಿ ಹಾಕಿದ ಮೇಲೂ ಚುಕ್ಕಿ ಕೆಂಪಾಗಿಯೇ ಇದ್ದರೆ ಆ ಟೈಯವನ ಮುಖ ಹೇಗಾಗಬಹುದು ಎಂದು ಊಹಿಸಿಕೊಂಡಳು. ಸೋಮವಾರ ದೂಮಪ್ಪ ಹೊಂಡದ ಬದಿಯಲ್ಲಿ ವಾಂತಿ ಮಾಡಿ ಬಿದ್ದ. ಆಸ್ಪತ್ರೆಯಲ್ಲಿ ಎರಡು ಬಾಟಲಿ ಡ್ರಿಪ್ಸ್ ಏರಿಸಿದರು.

ಬುಧವಾರ ರಿತೇಶ ಒಂದು ಕರಡು ತಂದು ಅವಳ ಮೇಜಿನ ಮೇಲಿಟ್ಟ. ಬಾವ ಸಾಹೇಬರ ಸಹಿಗೆ ಟೈಪು ಮಾಡಬೇಕಂತೆ. ದೂಮಪ್ಪನ ಅಸಡ್ಡೆಯಿಂದ ಹೊಸ ವ್ಯವಸ್ಥೆ ಕೆಟ್ಟಿದೆ, ಅವನನ್ನು ಊರಿಗೆ ಕಳಿಸಿ ಬೇರೆ ಜನ ತರಿಸುವುದು ಒಳ್ಳೆಯದು ಎಂದು ಅದರಲ್ಲಿತ್ತು. ಮೂರು ಸಾಲು ಟೈಪು ಮಾಡಿದ ಮೇಲೆ ಅವಳು ಕರಡನ್ನು ಬದಿಗೆ ಸರಿಸಿದಳು. ಡ್ರಾಯರು ತೆಗೆದು, ಪುಸ್ತಕ ಎತ್ತಿಕೊಂಡು, ಸಾಹೇಬರ ಕೋಣೆಗೆ ನಡೆದಳು.

ಆಸ್ಪತ್ರೆಯಿಂದ ಬಂದು ಹೊರಗೆ ಬೆಂಚಿನಲ್ಲಿ ಕುಳಿತಿದ್ದ ದೂಮಪ್ಪನನ್ನೂ ಒಳಗೆ ಕರೆಸಿದಳು. ರಿತೇಶನೂ ಬಂದ. ನಾಲ್ವರೂ ಕಂಪ್ಯೂಟರ್ ಕೋಣೆಗೆ ಹೋಗಿ ಪರದೆಯ ಮುಂದೆ ನಿಂತರು. ಈ ಆಫೀಸಿನ ಪ್ರಿಂಟರಿನ ಚುಕ್ಕಿ ಯಾವ ಬಣ್ಣ ಎಂದು ಅವಳು ಕೇಳಿದಳು. ಹಸಿರು ಎಂದರು ಸಾಹೇಬರು. ಅದರ ತಂತಿ ಕೀಳಲು ದೂಮಪ್ಪನಿಗೆ ಹೇಳಿದಳು. ಅವನು ಕಿತ್ತ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಚುಕ್ಕಿ ಹಸಿರಾಗಿಯೇ ಇತ್ತು.

"ಇದು ಒಂಬತ್ತನೇ ತಾರೀಕಿಗೇ ಸತ್ತಿದೆ ಸಾಹೇಬ್ರೆ. ಸತ್ತವನ ಫೋಟೋ ನೋಡಿಕೊಂಡು ನಾವು ಹೊಂಡ ತೋಡಿಸಿದ್ದು," ಎಂದಳು.

ಸಾಫ್ಟ್‌ವೇರಿನಲ್ಲೇ ಏನೋ ದೋಷವಿರಬೇಕು ಎಂದು ರಿತೇಶ ಗೊಣಗಿದ. ಅವಳು ನಲವತ್ತೊಂದನೆಯ ಪುಟ ತೆರೆದು ಅವನ ಮೂಗಿನ ಕೆಳಗೆ ಹಿಡಿದಳು. ಅವನ ಕಿವಿ ಕೆಂಪಾಯಿತು. ಇಷ್ಟು ದಿನ ಕಾದ ಗಳಿಗೆ ಇದೇ. ಆದರೆ ಬಾವ ಸಾಹೇಬರ ಕಣ್ಣು ಅಂಚಿನ ಪೆನ್ಸಿಲ್ ಬರಹದ ಮೇಲೆ ಬಿದ್ದಿತ್ತು.

"ಈ ತಾರೀಕು ಯಾವಾಗ ಬರೆದದ್ದು?"

ನಿನ್ನೆ ಎಂದು ಹೇಳಬಹುದಿತ್ತು. "ಇವರು ಇದನ್ನು ಕಟ್ಟಿದ ದಿನವೇ," ಎಂದಳು.

ದೂಮಪ್ಪನ ಕೈಯಲ್ಲಿ ಇನ್ನೂ ಪ್ರಿಂಟರಿನ ತಂತಿ ಇತ್ತು. "ನಿಮಗೆ ಗೊತ್ತಿತ್ತಾ ಬಾಯಿ?" ಎಂದ.

"ಗೊತ್ತಿತ್ತು."

ಅವನು ಬಗ್ಗಿ ತಂತಿಯನ್ನು ಮತ್ತೆ ಸಿಕ್ಕಿಸಿ ಹೊರಗೆ ಹೋದ.

ಕರಡನ್ನು ಬಾವ ಸಾಹೇಬರೇ ಹರಿದರು. ದೊಡ್ಡ ಗಲಾಟೆ ಮಾಡಲಿಲ್ಲ. ಮಾಡಿದರೆ ಮಾಲೀಕರಿಗೆ ತಾವೂ ಉತ್ತರ ಕೊಡಬೇಕಿತ್ತು. ಎರಡು ದಿನದಲ್ಲಿ ರಿತೇಶ ದುಬೈಗೆ ಹಾರಿದ. ಅಲ್ಲಿ ಅವನಿಗೆ ಇನ್ನೂ ದೊಡ್ಡ ಕೆಲಸ ಸಿಕ್ಕಿತೆಂದು ಆಮೇಲೆ ಸುದ್ದಿ ಬಂತು. ಕೊನ್ಸೆಪ್ಟಾಗೆ ಆಶ್ಚರ್ಯವೇನೂ ಆಗಲಿಲ್ಲ.

ಶುಕ್ರವಾರ ರಜೆ. ಅವಳೊಬ್ಬಳೇ ಬಂದು ಸರ್ವರಿನ ಮುಂದೆ ಕುಳಿತಳು. ಇದ್ದ ಡೇಟಾಬೇಸಿಗೇ ಜಾಗ ಹೆಚ್ಚಿಸಬಹುದಿತ್ತು. ಆ ಹೆಸರು ಅಲ್ಲಿರುವುದು ಅವಳಿಗೆ ಸೇರಲಿಲ್ಲ. ಪೂರ್ತಿ ಅಳಿಸಿ, ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಪ್ರಶ್ನೆಗೂ ಗುಣಿಸಿ ಕೂಡಿಸಿ ಉತ್ತರ ಬರೆದಳು. ಆರು ಗಂಟೆ ಹಿಡಿಯಿತು. ಚುಕ್ಕಿಗಳೆಲ್ಲ ಹಸಿರಾದವು. ಪ್ರಿಂಟರಿನ ತಂತಿ ಕಿತ್ತಳು, ಅದು ಕೆಂಪಾಯಿತು. ನೋಡಿ ಸಂತೋಷವೇನೂ ಆಗಲಿಲ್ಲ.

ಮರುದಿನ ಕಂಪನಿಯ ಪಿಕಪ್ಪಿನಲ್ಲಿ ಉಮ್ಮ್ ಸಲಾಲಿಗೆ ಹೋದಳು. ದೂಮಪ್ಪ ತಲೆಗೆ ಬೈರಾಸು ಬಟ್ಟೆ ಸುತ್ತಿಕೊಂಡು, ತಾನೇ ತೋಡಿದ ಹೊಂಡಕ್ಕೆ ಮಣ್ಣು ಎಳೆಯುತ್ತಿದ್ದ. ತಪ್ಪಾಯಿತು, ಆ ರಿತೇಶ ಬೀಳಲಿ ಎಂದು ಕಾದೆ ಎಂದು ಅವಳು ಹೇಳಿದಳು. ಅವನು ಸಲಿಕೆ ನೆಲಕ್ಕೂರಿ ಹಣೆಯ ಬೆವರು ಒರೆಸಿಕೊಂಡ.

"ಅವ ನನ್ನನ್ನು ಕತ್ತೆ ಅಂತ ಎಣಿಸಿದ ಬಾಯಿ," ಎಂದ. "ನೀವು ನನ್ನನ್ನು ಎಣಿಸಲೇ ಇಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಹಾಗೆ ಹೇಳಿ ಮತ್ತೆ ಮಣ್ಣು ಎಳೆಯತೊಡಗಿದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಒಂದಷ್ಟು ಹೊತ್ತು ನಿಂತಿದ್ದಳು. ಡ್ರೈವರ್ ಹಾರ್ನ್ ಹೊಡೆದ ಮೇಲೆ ಹೋಗಿ ಗಾಡಿಯಲ್ಲಿ ಕುಳಿತಳು.