ಕಟಕೋಳದ ರಾಯವ್ವನ ಕೌದಿ

ಮನೋಳಿಯಲ್ಲಿ ಮಧ್ಯಾಹ್ನದ ಊಟ ಮುಗಿದು, ಬಿಸಿಲು ಅಂಗಳದಿಂದ ಮೆಲ್ಲಗೆ ಸರಿಯುವ ಹೊತ್ತಿಗೆ ಸೋಮವ್ವನ ಪಡಸಾಲೆಯಲ್ಲಿ ಕೌದಿ ಹರಡಿಕೊಳ್ಳುತ್ತದೆ. ಓಣಿಯ ಹೆಂಗಸರು ಬಂದು ಸುತ್ತ ಕೂರುತ್ತಾರೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಮೊದಲ ಸೂಜಿಗೆ ಶಿವನ ಹೆಸರು ಹೇಳಿ ಹೊಲಿಗೆ ಶುರು ಮಾಡುತ್ತಾರೆ. ಆಮೇಲೆ ಬರುವ ಮಾತಿಗೆ ಶಿವನೂ ಕಿವಿ ಮುಚ್ಚಿಕೊಳ್ಳಬೇಕು, ಅಷ್ಟು ನಗೆ.

ಸೋಮವ್ವನ ಸೊಸೆ ಅನ್ನಪೂರ್ಣಾಳದು ಸವದತ್ತಿಯಲ್ಲಿ ಸಣ್ಣದೊಂದು ಅಂಗಡಿ. ಮದುವೆ ಪತ್ರಿಕೆ, ಬ್ಯಾನರು, ಯಾರಾದರೂ ಕೇಳಿದರೆ ವೆಬ್‌ಸೈಟು, ಎಲ್ಲವನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಮಾಡಿಕೊಡುತ್ತಾಳೆ. ಪುಕ್ಕಟೆ ಸಿಗುವ ಚಿತ್ರಗಳಿಗಾಗಿ ಇಂಟರ್ನೆಟ್ಟಿನಲ್ಲಿ ಹುಡುಕಿದಾಗಲೆಲ್ಲ ಅವೇ ಗುಲಾಬಿ, ಅವೇ ಬಂಗಾರದ ಬಳ್ಳಿ. ಒಮ್ಮೆ ಒಂದು ತೊಟ್ಟಿಲ ಕಾರ್ಯಕ್ರಮದ ಪತ್ರಿಕೆಗೆ ಏನೂ ಒಪ್ಪದೆ ಬೇಸತ್ತು, ಮನೆಯ ತೊಟ್ಟಿಲಲ್ಲಿದ್ದ ಕೌದಿಯನ್ನೇ ನೋಡಿಕೊಂಡು ಚೌಕ ಚೌಕವಾಗಿ ಪರದೆಯ ಮೇಲೆ ಬಿಡಿಸಿದಳು. ಪತ್ರಿಕೆ ಕಂಡವರೆಲ್ಲ ಎಲ್ಲಿಯದಿದು ಎಂದು ಕೇಳಿದರು.

ಅಲ್ಲಿಂದ ಅವಳಿಗೆ ಅದೇ ಹುಚ್ಚು. ಮನೋಳಿ, ಕಟಕೋಳ, ರಾಮದುರ್ಗದ ಹಳ್ಳಿಗಳು, ಬಸ್ಸು ಹೋದಲ್ಲೆಲ್ಲ ಹೋಗಿ, ಮನೆಮನೆಯ ಕೌದಿಗಳನ್ನು ಬಿಸಿಲಿಗೆ ಹರಡಿಸಿ ಫೋಟೋ ತೆಗೆದು ಬಂದು, ಒಂದೊಂದನ್ನೂ ಕೈಯಿಂದ ಬಿಡಿಸಿ, ಒಂದು ವೆಬ್‌ಸೈಟಿನಲ್ಲಿ ಇಟ್ಟಳು. ಯಾರು ಬೇಕಾದರೂ ತಗೊಳ್ಳಬಹುದು, ದುಡ್ಡಿಲ್ಲ. ಪ್ರತಿ ಚಿತ್ರದ ಕೆಳಗೆ ಹೊಲಿದವಳ ಹೆಸರು, ಊರು.

ಈ ಸುದ್ದಿ ಬೈಲಹೊಂಗಲದ ಒಂದು ಕಾಲೇಜಿಗೆ ಮುಟ್ಟಿತು. ಅಲ್ಲಿ ಒಂದು ಭಾನುವಾರ, ನಾಳಿನ ಇಂಟರ್ನೆಟ್ಟು ಹೇಗಿರಬೇಕು ಎಂದು ಮಾತಾಡುವ ಸಭೆ. ಅನ್ನಪೂರ್ಣಾಳಿಗೂ ಕರೆ ಬಂತು. ಸಭೆಗೆ ಚೆಂದ ಕಾಣಲೆಂದು ಅವಳು ಹಳೆಯ ವೆಬ್‌ಸೈಟನ್ನು ಅಳಿಸಿ, ಲ್ಯಾಪ್‌ಟಾಪಿನಲ್ಲಿ ಹೊಸದನ್ನು ಕಟ್ಟಿದಳು. ಶುಕ್ರವಾರ ಸಂಜೆ ಕೆಲಸ ಮುಗಿಯಿತು. ಬೆಳಿಗ್ಗೆ ಏರಿಸಿದರಾಯಿತು ಎಂದುಕೊಂಡಳು.

"ಮುಗೀತ್ರಿ ಅತ್ತಿ," ಎಂದು ಕೂಗಿ ಹೇಳಿದಳು.

ಸೋಮವ್ವ ಒಳಗಿನಿಂದಲೇ ಕೇಳಿದಳು, "ಮುಗೀತಂದ್ರ? ಹೊಟ್ಟಿ ತುಂಬಿಸಿದೇನು ಅದಕ್ಕ?"

"ಯಾವುದಕ್ಕ್ರಿ?"

"ಕೌದಿಗೆ ಬೇ. ಇಷ್ಟು ಮಂದಿ ಕೌದಿ ಅದರಾಗ ತುಂಬೀಯಲ್ಲ."

ಅನ್ನಪೂರ್ಣಾ ನಕ್ಕು ಅಡುಗೆಮನೆಗೆ ಹೋದಳು. ಆದರೆ ಸೋಮವ್ವ ತಮಾಷೆಗೆ ಕೇಳಿರಲಿಲ್ಲ. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ತುಣುಕು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಹೊಲಿಯುವುದು ಆ ಸೀಮೆಯ ರೂಢಿ. ಹೊಟ್ಟೆ ತುಂಬಿದ ಕೌದಿಯನ್ನು ಹೊದ್ದವರು ಹಸಿದು ಮಲಗುವುದಿಲ್ಲ ಎಂಬ ನಂಬಿಕೆ. ಸೋಮವ್ವ ತನ್ನ ಕೈಯಿಂದ ಒಂದು ಕೌದಿಯನ್ನೂ ಬರಿ ಹೊಟ್ಟೆಯಲ್ಲಿ ಕಳಿಸಿದವಳಲ್ಲ. ಅಂದು ಮನೆಯಲ್ಲಿ ಹೋಳಿಗೆಯೂ ಆಗಿತ್ತು. ಅವಳು ಲ್ಯಾಪ್‌ಟಾಪಿನ ಮುಂದೆ ಕೂತು, ಹಣೆಯ ವಿಭೂತಿಯನ್ನು ಬೆರಳಿಗೆ ತಾಗಿಸಿ ಅದಕ್ಕೂ ಹಚ್ಚಿ, ಹೂರಣದ ಒಂದು ಚೂರನ್ನು ಪಕ್ಕದ ಗಾಳಿಕಿಂಡಿಯಲ್ಲಿ ಭಕ್ತಿಯಿಂದ ಒತ್ತಿ ತುರುಕಿದಳು. ಕೈಮುಗಿದಳು.

ಬೆಳಿಗ್ಗೆ ಕಿಂಡಿಯಿಂದ ಗೋಡೆಯವರೆಗೆ ಇರುವೆಗಳ ಸಾಲು. ಅನ್ನಪೂರ್ಣಾ ಗಾಬರಿಯಿಂದ ಗುಂಡಿ ಒತ್ತಿದಳು. ಒಳಗೆ ಚಟ್ ಎಂದಿತು, ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು.

ಸವದತ್ತಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪರಶು ಅದನ್ನು ಬಿಚ್ಚಿ, ಮೂಸಿ ನೋಡಿದ.

"ಅಕ್ಕಾರ, ಚಹಾ ಕುಡಿದದ್ದು ನೋಡೇನ್ರಿ, ಹಲ್ಲಿ ಸತ್ತದ್ದು ನೋಡೇನಿ. ಹೋಳಿಗಿ ಉಂಡ ಲ್ಯಾಪ್‌ಟಾಪ್ ಇದ ಮೊದಲು ನೋಡ್ರಿ. ತುಪ್ಪಾನೂ ಐತಿ!"

"ನಗಬ್ಯಾಡ ಪರಶು. ಒಳಗಿಂದು ಏನರ ಬರತೈತೇನು?"

ಅವನು ನಗು ನಿಲ್ಲಿಸಿದ. "ಇಲ್ರಿ. ಡಿಸ್ಕ್ ಸಮೇತ ಹೋಗೇತಿ."

ಮನೆಗೆ ಬಂದ ಸೊಸೆಯ ಮುಖ ನೋಡಿಯೇ ಸೋಮವ್ವನಿಗೆ ಎಲ್ಲ ತಿಳಿಯಿತು. "ನಾನ ಇಟ್ಟೀನಿ," ಎಂದಳು. "ಒಳ್ಳೇದಾಗಲಿ ಅಂತ ಇಟ್ಟೀನಿ ಯವ್ವಾ."

ಅನ್ನಪೂರ್ಣಾ ಬೈಯಲಿಲ್ಲ. ಗೋಡೆಗೆ ಒರಗಿ ಕೂತು ಹೇಳಿದಳು: "ಉಳಿದವು ಹೋದ್ರ ಹೋಗ್ಲಿರಿ, ಮತ್ತ ಊರೂರು ತಿರುಗತೇನಿ. ರಾಯವ್ವಂದು ಎಲ್ಲಿಂದ ತರಲಿ?"

ಕಟಕೋಳದ ರಾಯವ್ವ ಸುತ್ತ ಹಳ್ಳಿಗಳಲ್ಲೆಲ್ಲ ಹೆಸರಾದ ಕೌದಿಗಾರ್ತಿ. ನಡುವೆ ಸೂರ್ಯ, ಸುತ್ತ ಜೋಳದ ತೆನೆ. ಅಂಥದನ್ನು ಬೇರೆ ಯಾರೂ ಹೊಲಿದಿರಲಿಲ್ಲ. ಅವಳು ತೀರಿಕೊಂಡಾಗ ಅದನ್ನೇ ಹೊದಿಸಿ ಮಣ್ಣು ಮಾಡಿದ್ದರು. ಅದಕ್ಕೆ ಮೊದಲು ತೆಗೆದ ಫೋಟೋಗಳೂ, ಬಿಡಿಸಿದ ಚಿತ್ರವೂ ಸುಟ್ಟುಹೋದ ಡಿಸ್ಕಿನಲ್ಲೇ ಇದ್ದವು. ರಾಯವ್ವನ ಮೊಮ್ಮಗಳು ಮಾಲಾ ಬೈಲಹೊಂಗಲದಲ್ಲಿ ನರ್ಸ್. ಅಜ್ಜಿಯ ಕೌದಿಯನ್ನು ದೊಡ್ಡ ಪರದೆಯ ಮೇಲೆ ನೋಡಲೆಂದೇ ಭಾನುವಾರ ರಜೆ ಹಾಕಿದ್ದಳು.

ಸೋಮವ್ವ ಅವಳ ಪಕ್ಕಕ್ಕೆ ಬಂದು ಕೂತು ಕೇಳಿದಳು: "ಮಂದಿ ಪುಕ್ಕಟೆ ಒಯ್ದ್ರು ಅಂತಿದ್ದೆಲ್ಲ, ಅವರ ಹಂತೇಕ ಇರೂದಿಲ್ಲೇನು? ನಮ್ಮ ಬೀಜ ಕೆಟ್ಟ ವರ್ಷ ನಮ್ಮ ಹಂತೇಕ ಒಯ್ದವರ ಮನಿಗೆ ಹೋಗಿ ತರೂದಿಲ್ಲೇನು ನಾವು?"

ಅನ್ನಪೂರ್ಣಾ ಅತ್ತೆಯನ್ನೇ ನೋಡಿದಳು. ಫೋನು ತೆಗೆದಳು. ಕನ್ನಡದಲ್ಲೊಮ್ಮೆ, ಬಂದಷ್ಟು ಇಂಗ್ಲಿಷಿನಲ್ಲೊಮ್ಮೆ ಇಂಟರ್ನೆಟ್ಟಿನಲ್ಲಿ ಬರೆದು ಹಾಕಿದಳು: ಮನೋಳಿಯ ಕೌದಿ ಚಿತ್ರಗಳು ಕಳೆದುಹೋಗಿವೆ. ನಿಮ್ಮ ಹತ್ತಿರ ಇದ್ದರೆ ದಯಮಾಡಿ ಕಳಿಸಿರಿ.

ಸಂಜೆಯ ದೀಪ ಹಚ್ಚುವ ಮೊದಲೇ ಮೊದಲನೆಯದು ಬಂತು, ವಿಜಯಪುರದ ಒಬ್ಬ ವಿದ್ಯಾರ್ಥಿಯಿಂದ. ಆಮೇಲೆ ಕೊಲಂಬೊದ ಒಂದು ಮಕ್ಕಳ ಗ್ರಂಥಾಲಯ. ಆಮೇಲೆ ಬ್ರೆಜಿಲ್ಲಿನ ಒಬ್ಬಳು. ಅವಳು ತನ್ನ ಬ್ರೆಡ್ ಅಂಗಡಿಯ ವೆಬ್‌ಸೈಟಿಗೆ ಮನೋಳಿಯ ಅಂಚು ಹಾಕಿಕೊಂಡಿದ್ದಳಂತೆ. ಫೋನು ಗುಂಯ್ ಎಂದಾಗಲೆಲ್ಲ ಸೋಮವ್ವ ಓಡಿ ಬರುತ್ತಿದ್ದಳು.

"ಈಗ ಯಾರು ಬಂದ್ರು?"

"ಕೀನ್ಯಾದವರ್ರಿ."

"ಉಂಡಾರೇನು ಕೇಳು. ಪಾಪ, ಎಟ್ಟು ದೂರದಿಂದ ಕಳಿಸ್ಯಾರ."

ನೆರೆಮನೆಯವರ ಕಂಪ್ಯೂಟರಿನಲ್ಲಿ ಅನ್ನಪೂರ್ಣಾ ಬಂದದ್ದನ್ನು ಬಂದಂತೆ ಜೋಡಿಸಿದಳು. ಭಾನುವಾರ ಬೆಳಗಿನ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲವೂ ಮರಳಿ ಬಂದಿದ್ದವು. ರಾಯವ್ವನದೊಂದು ಬರಲಿಲ್ಲ.

ಬೈಲಹೊಂಗಲದ ಸಭಾಂಗಣದಲ್ಲಿ ಸೋಮವ್ವ ಮುಂದಿನ ಸಾಲಿನಲ್ಲಿ ಮಾಲಾಳ ಪಕ್ಕ ಕೂತಳು. ಮೊದಲು ಮಾತಾಡಿದ ಪ್ರಾಧ್ಯಾಪಕರು, ಇನ್ನು ಮುಂದೆ ಬಾಯಿಂದ ಹೇಳಿದರೆ ಸಾಕು, ಯಂತ್ರವೇ ಚಿತ್ರ ಬಿಡಿಸುತ್ತದೆ ಎಂದು ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಸೋಮವ್ವನೂ ತಟ್ಟಿದಳು. ಚಿತ್ರ ಚೆಂದವೇ ಇತ್ತು.

ಅನ್ನಪೂರ್ಣಾ ಎದ್ದು ಒಂದೊಂದೇ ಕೌದಿ ತೋರಿಸಿದಳು. ಹೊಲಿದವಳ ಹೆಸರು ಓದಿದಳು, ಅದನ್ನು ಮರಳಿ ಕಳಿಸಿದವರ ಊರು ಹೇಳಿದಳು. ಕೊನೆಗೆ ಒಂದು ಖಾಲಿ ಚೌಕ ಬಂತು. ಕೆಳಗೆ, ರಾಯವ್ವ, ಕಟಕೋಳ.

"ಇದು ಸಿಕ್ಕಿಲ್ರಿ," ಎಂದಳು. "ಸರ್ ಹೇಳಿದಂಗ ಯಂತ್ರ ಬರೀಲಿ, ಬ್ಯಾಡನ್ನೂದಿಲ್ಲ. ಆದ್ರ ಇದು ಯಾರದು ಅಂತ ಕೇಳಿದ್ರ ಒಂದು ಹೆಸರು ಹೇಳಾಕ ಬರಬೇಕು. ನಾಳಿನ ಇಂಟರ್ನೆಟ್ಟಿನ್ಯಾಗ ನನಗ ಅಷ್ಟ ಬೇಕ್ರಿ. ಹೆಸರು ಐತಿ, ಕೌದಿ ಇಲ್ಲ. ಮಾಲಾ, ನನ್ನ ತಪ್ಪು."

ಮಾಲಾ ತಲೆ ಬಗ್ಗಿಸಿದಳು. ಆಗ ಹಿಂದಿನ ಸಾಲಿನಲ್ಲಿ ಒಬ್ಬ ಯುವಕ ಅರ್ಧ ಎದ್ದು ನಿಂತ.

"ಮೇಡಮ್ಮಾರ... ನಡುವ ಸೂರ್ಯ, ಸುತ್ತ ತೆನಿ ಇದ್ದದ್ದೇನ್ರಿ?"

ಸಭಾಂಗಣವೆಲ್ಲ ಹಿಂದಕ್ಕೆ ತಿರುಗಿತು.

"ನಾ ಸುರೇಬಾನದವ್ರಿ, ಸಂದೀಪ. ನಮ್ಮ ಸೀರಿ ನೇಯೋರಿಗೆ ವೆಬ್‌ಸೈಟ್ ಮಾಡಿದ್ದೆ, ಅದಕ್ಕ ತಗೊಂಡಿದ್ದೆ. ಆದ್ರ ನಾ ಅದನ್ನ ಕೆಡಿಸೇನ್ರಿ. ಸುತ್ತ ನಮ್ಮ ಸೀರಿ ದಡಿ ಹಾಕೇನಿ. ಅದಕ್ಕ ನಾಚಿಕಿ ಬಂದು ಸುಮ್ಮ ಕುಂತಿದ್ದೆ."

"ಎಲೋ ತಮ್ಮಾ," ಎಂದಳು ಸೋಮವ್ವ ಗಟ್ಟಿಯಾಗಿ, "ಬ್ರೆಜಿಲ್ ಮಂದಿ ಬಂದು ಹ್ವಾದ್ರು, ಇಲ್ಲೇ ಮಗ್ಗಲಾಗಿನ ಸುರೇಬಾನದಾಂವ ಈಗ ಎದ್ದೇನು!"

ಸಭೆಯಲ್ಲಿ ನಗೆ ಎದ್ದಿತು. ಸಂದೀಪ ಮುಂದೆ ಬಂದು ಫೋನಿನಿಂದ ಚಿತ್ರ ಕಳಿಸಿದ. ಕಾಲೇಜಿನ ನೆಟ್ಟು ನಿಧಾನ. ಪರದೆಯ ಮೇಲೆ ಚಿತ್ರ ಮೇಲಿನಿಂದ ಸಾಲು ಸಾಲಾಗಿ ಇಳಿಯಿತು. ಮೊದಲು ಕೆಂಪು ದಡಿ, ಆಮೇಲೆ ತೆನೆ, ಆಮೇಲೆ ಸೂರ್ಯನ ಅರ್ಧ, ಆಮೇಲೆ ಪೂರ್ತಿ ಸೂರ್ಯ. ಮಾಲಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ದಡಿ ತೆಗೀತೇನಿ ಮಾಲಾ," ಎಂದಳು ಅನ್ನಪೂರ್ಣಾ, "ಅಜ್ಜಿ ಹೊಲಿದಂಗ ಮಾಡತೇನಿ."

ಮಾಲಾ ಎದ್ದು ಪರದೆಯ ಹತ್ತಿರ ಹೋಗಿ ನಿಂತು ನೋಡಿದಳು. ಸಂದೀಪ ತಪ್ಪಿತಸ್ಥನಂತೆ ಪಕ್ಕದಲ್ಲಿ ನಿಂತಿದ್ದ.

"ಬ್ಯಾಡ್ರಿ ಅಕ್ಕಾರ, ಇರ್ಲಿ," ಎಂದಳು. "ನಮ್ಮಜ್ಜಿ ಕೌದಿ ಹಾಸಿ ಕುಂತಾಗ ಜಾತಿ ನೋಡಿ ಊರಾಗಿನವರು ಯಾರೂ ನಮ್ಮ ಮನಿಯೊಳಗ ಬರತಿದ್ದಿಲ್ಲ, ಕಟ್ಟಿ ಕೆಳಗ ನಿಂತು ನೋಡಿ ಹೋಗತಿದ್ರು. ಅಜ್ಜಿ ಅಂತಿದ್ಲು, ಯಾರರ ಬಂದು ಒಂದು ಸಾಲು ಹಾಕಿದ್ರ ಕೈಗೆ ಆಸರ ಆಕ್ಕಿತ್ತು ಅಂತ." ಸಂದೀಪನ ಕಡೆ ತಿರುಗಿದಳು. "ನೀ ಹಾಕೀಯಪಾ. ನಿನ್ನ ಹೆಸರೂ ಹಾಕಸು."

ಅನ್ನಪೂರ್ಣಾ ಅಲ್ಲೇ, ಎಲ್ಲರೆದುರು, ರಾಯವ್ವನ ಹೆಸರಿನ ಕೆಳಗೆ ಬರೆದಳು: ಸಂದೀಪ, ಸುರೇಬಾನ. ಬರೆದು ಹೊಸ ವೆಬ್‌ಸೈಟನ್ನು ಲೋಕಕ್ಕೆ ಬಿಟ್ಟಳು.

ಮಾಲಾ ಆಗಲೇ ಕಟಕೋಳಕ್ಕೆ ಫೋನು ಹಚ್ಚಿದ್ದಳು. "ಅಪ್ಪಾ, ಹೊಲದಾಗ ಅದಿಯೇನು? ಗಳೆ ಹೊಡಿಯೂದು ನಿಲ್ಲಸು, ಫೋನ್ ತೆಗದು ನೋಡು. ನಿಮ್ಮವ್ವನ ಹೆಸರು ಬಂದೈತಿ." ಆ ಕಡೆ ಎತ್ತುಗಳ ಗಂಟೆಯ ಸದ್ದು ನಿಂತಿತು. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ತುಂಬಿದ ಸಭೆಯ ನಡುವೆ ನಿಂತೇ ಇದ್ದಳು.