ಹಾಯಿಯ ಹಗ್ಗ ಹಿಡಿಯುವವಳು

ಕಾರ್ತಿಕದ ಸಂಜೆ! ಜಹೀರಾಬಾದಿನ ಕೆಮ್ಮಣ್ಣಿನ ದಿಬ್ಬಗಳ ಮೇಲೆ ಇಳಿಬಿಸಿಲು ಅರಿಸಿನದ ನೀರಿನಂತೆ ಹರಡಿತ್ತು. ಕೊಹೀರಿನ ಕಡೆಯಿಂದ ಬೀಸಿದ ಗಾಳಿಗೆ ಜೋಳದ ಹೊಲಗಳು ಒಂದರ ಬೆನ್ನಿಗೊಂದು ಬಾಗಿ ಏಳುತ್ತಿದ್ದವು... ಸಹೃದಯರೇ, ಕಡಲು ಕಾಣದ ಆ ನೆಲದಲ್ಲಿ ಸಂಪದಾ ಎಂಬ ಹೆಣ್ಣು ಎರಡು ವರ್ಷಗಳಿಂದ ಅಲೆಗಳನ್ನು ಕಂಡದ್ದು ಆ ಹೊಲಗಳಲ್ಲಿಯೇ.

ಆಕೆಯ ಪತಿ ಸಂಗಮೇಶ ಸರಕುಹಡಗುಗಳಲ್ಲಿ ದುಡಿದವನು. ಕಾರ್ಖಾನೆಯಲ್ಲಿ ಒಂದೇ ಅಚ್ಚಿನಿಂದ ಹತ್ತಾರು ತಯಾರಾಗುವ, ಸಂಬಳದವರ ಕೈಗೂ ಎಟುಕುವ ಹಾಯಿದೋಣಿಯೊಂದನ್ನು ಕೊಂಡು ಗೋವೆಯಲ್ಲಿ ನಿಲ್ಲಿಸಿದ್ದ. "ಮಂದಿ ಯಾರೂ ಬ್ಯಾಡ. ಚುಕ್ಕಾಣಿಗೆ ನಾ, ಹಾಯಿ ಹಗ್ಗಕ್ಕ ನೀ. ಇಬ್ರೇ ಸಾಕು" ಎಂದಿದ್ದ. ಆ ಒಂದು ಮಾತು ಆಕೆಯ ಹೃದಯದಲ್ಲಿ ಶರಚ್ಚಂದ್ರಿಕೆಯಂತೆ ನೆಲೆಸಿತು! ಅಂಗಳದ ಕಂಬಕ್ಕೆ ಹಗ್ಗ ಸುತ್ತಿ, ಬಿಗಿದು, ಸಡಿಲಿಸಿ, ಅಂಗೈ ಬೊಬ್ಬೆಯೆದ್ದರೂ ಬಿಡದೆ ಕಲಿತಳು.

ಅತ್ತೆ ರುಕ್ಮಿಣೀಬಾಯಿ ನಗುತ್ತಿದ್ದಳು: "ಮನ್ಯಾಗ ಎಮ್ಮಿ ಇಲ್ಲ, ಯಾರ್ನ ಕಟ್ಟಾಕ ನಡಸೀಯವ್ವಾ? ನನ್ನ ಮಗನ್ನೇನು?"

ಲಕ್ಷದ್ವೀಪದ ಮೊದಲ ಯಾನಕ್ಕೆ ಹತ್ತು ದಿನ ಉಳಿದಿತ್ತು. ಅಂದು ಗೋವೆಯಿಂದ ಮರಳಿದ ಸಂಗಮೇಶ ಮೊಬೈಲಿನಲ್ಲಿ ದೋಣಿಯ ಚಿತ್ರ ತೋರಿಸಿದ.

"ನೋಡು, ಎಲ್ಲಾ ಹಗ್ಗ ಚುಕ್ಕಾಣಿ ಹತ್ರಾನೇ ತರಿಸೀನಿ. ದಿಕ್ಕು ಹಿಡಿಯಾಕ ಮಷಿನ್ ಕುಂದ್ರಿಸೀನಿ. ಈಗ ಒಬ್ಬಾಂವನೇ ನಡಸಬಹುದು!"

"ಮತ್ತ ನನ್ನ ಕೆಲಸರೀ?"

"ನಿನಗ್ಯಾಕ ತ್ರಾಸ? ಕೆಳಗ ಆರಾಮ ಮಲ್ಕೋ."

ಎಷ್ಟು ಅಕ್ಕರೆಯಿಂದ ಹೇಳಿದ! ಆ ಅಕ್ಕರೆಯೇ ಮಾಗಿಯ ಮಂಜಿನಂತೆ ಸದ್ದಿಲ್ಲದೆ ಇಳಿದು ಆಕೆಯೊಳಗಿನ ಹೂವನ್ನು ಕಮರಿಸಿತು... ಮನಸ್ಸಿನಲ್ಲಿ ತಾನು ನೂರು ಬಾರಿ ನಿಂತಿದ್ದ ಜಾಗವನ್ನು ಚಿತ್ರದಲ್ಲಿ ಹುಡುಕಿದಳು. ಅಲ್ಲಿ ಬರಿಯ ಬಿಳಿ ನೆಲವಿತ್ತು.

"ಹಂಗಾದ್ರ ನೀವೊಬ್ರೇ ಹೋಗಿ ಬರ್ರಿ" ಎಂದಳು. ಬೇಡವೆನ್ನಲಿ, ಆತ ಒಮ್ಮೆ ಬೇಡವೆನ್ನಲಿ ಎಂದು ಒಳಗೊಳಗೇ ಹಾರೈಸಿದಳು!

"ಖರೇನ? ಬ್ಯಾಸರ ಇಲ್ಲಲ್ಲ?"

ಆತನ ಮುಖದಲ್ಲಿ ಮಳೆ ಬಿಟ್ಟ ಆಗಸದ ನಿರಾಳತೆ ಹೊಳೆಯಿತು. ಆಕೆ ಅದನ್ನು ಕಂಡಳು.

"ಇಲ್ರೀ."

ಹತ್ತನೆಯ ದಿನ ಆತ ಒಬ್ಬನೇ ಹೊರಟ. ದಡ ಮರೆಯಾಗುವ ಮುನ್ನ ಸಂದೇಶ ಬಂತು: "ಗಾಳಿ ಭಾಳ ಚಲೋ ಅದ. ಏನೂ ತ್ರಾಸ ಇಲ್ಲ." ಸಂಪದಾ ಅದನ್ನು ಮತ್ತೆ ಮತ್ತೆ ಓದಿದಳು. ತನ್ನನ್ನು ನೆನೆದ ಒಂದು ಅಕ್ಷರವೂ ಅದರಲ್ಲಿರಲಿಲ್ಲ.

ದ್ರೋಹವಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಒಳ್ಳೆಯತನವೇ ಮಾಡಿದ ಗಾಯಕ್ಕೆ ಯಾರನ್ನು ದೂರುವುದು? ಮನುಷ್ಯಹೃದಯ ಎಷ್ಟು ವಿಚಿತ್ರ! ತನ್ನನ್ನು ಸುಖವಾಗಿಡುವ ಪ್ರೀತಿಗೆ ಅದು ಕೃತಜ್ಞವಾಗಿರುತ್ತದೆ. ಆದರೆ ಅದು ಬದುಕುವುದು, ‘ನೀನಿಲ್ಲದೆ ನಡೆಯದು’ ಎನ್ನುವ ಪ್ರೀತಿಯ ಆಸರೆಯಲ್ಲಿ ಮಾತ್ರ...