ತೋಳಲ್ಲಿ ಉಳಿದ ಭಾರ

ಕೈಗಳು ಕೂಡಿದವು, ನೋವಿಲ್ಲ — ದೇವರೇ, ಇದೇನು, ನಿನ್ನೆಯವರೆಗೂ ಮುಗಿಯಹೋದರೆ ಬಲತೋಳನ್ನು ಯಾರೋ ಹಿಡಿದೆಳೆದಂತಾಗುತ್ತಿತ್ತು, ಇಂದು ಏನೂ ಇಲ್ಲ, ಕಿಟಕಿಯ ಬಿಸಿಲು ಹೆಂಡತಿಯ ಬರಿದಾದ ಮಂಚದ ಮೇಲೆ ಬಿದ್ದಿದೆ, ಬೇಡುವುದನ್ನು ಬಿಟ್ಟು ನೋವನ್ನು ಹುಡುಕುತ್ತಿದ್ದೇನೆ, ಅಷ್ಟರಲ್ಲಿ ಮಗಳು ಗೊತ್ತುಮಾಡಿದ ವ್ಯಾಯಾಮದ ಹುಡುಗಿ ಬಂದು ತೋಳು ಒತ್ತುತ್ತಾಳೆ, ಭೇಷ್ ತಾತ, ಕೂಡ್ಕೊಳ್ತಾ ಇದೆ, ಮಾಂಸಖಂಡದ ಪಕ್ಕದಲ್ಲೇ ಸಣ್ಣ ಜೀವಕೋಶಗಳು ಮಲಗಿರ್ತವೆ, ಪೆಟ್ಟು ಬಿದ್ರೇನೇ ಏಳೋದು, ಎದ್ದು, ಒಂದು ಹತ್ತಾಗಿ, ಒಂದಕ್ಕೊಂದು ಬೆಸೆದು ಹೊಸ ಎಳೆ ಆಗ್ತವೆ — ಎಷ್ಟು ಕಾಲ ಮಲಗಿರ್ತವಮ್ಮ — ಒಂದೊಂದ್ಸಲ ಜೀವಮಾನವೆಲ್ಲ. ಸ್ವಾಮಿ, ನನ್ನೊಳಗೆ ಇಷ್ಟು ಮಂದಿಯನ್ನು ಮಲಗಿಸಿಟ್ಟೆ, ಅವಳೊಳಗೆ ಒಬ್ಬರನ್ನಾದರೂ ಎಬ್ಬಿಸಬಾರದಿತ್ತೇ.

ಮರಳಿನ ಚೀಲ ಎತ್ತಿ ತಾತ, ಎರಡು ಕಿಲೋ. ಎರಡಿಲ್ಲಮ್ಮ, ನೂರು ಗ್ರಾಂ ಕಮ್ಮಿ. ನಕ್ಕಳು, ಗೋದಾಮಿನ ಬುದ್ಧಿ ಬಿಡಲ್ಲ ನೀವು — ಮೂವತ್ತು ವರ್ಷ ಅಲ್ಲಿ ತೂಗಿದವನು, ತಕ್ಕಡಿಗಿಂತ ಮೊದಲು ತೋಳು ಹೇಳುತ್ತಿತ್ತು, ಮದುವೆಯಾದ ಹೊಸದರಲ್ಲಿ ಅವಳನ್ನೆತ್ತಿ ನಲವತ್ತೊಂಬತ್ತು ಎಂದೆ, ನಾನೇನು ಮೂಟೆನಾ, ಇಳಿಸ್ರೀ, ಎಂಥ ನಗು — ಕೊನೆಗೆ ಮೂವತ್ತೆಂಟು, ದಿನವೂ ಮಂಚದಿಂದ ಕುರ್ಚಿಗೆ, ಆಮೇಲೆ ಮೂರು ದಿನ ಏಳಲಾರೆ ಎಂದು ಮಲಗೇ ಇದ್ದಳು, ಮೈಗೆ ನೀರು ತುಂಬುತ್ತಿತ್ತು, ನಾಲ್ಕನೆಯ ದಿನ ಎತ್ತುವಾಗ ಭಾರ ಹೆಚ್ಚಿದ್ದನ್ನು ನಾನು ಅರಿಯದೆ ಮೂವತ್ತೆಂಟಕ್ಕೇ ತೋಳು ಕೊಟ್ಟೆ, ಜನ್ಮದಲ್ಲಿ ಒಮ್ಮೆ ತಪ್ಪಿದ ತೂಕ, ಒಳಗೆ ಪಟ್ ಎಂದಿತು, ಬಿಡಲಿಲ್ಲ, ಅವಳ ಬೆರಳು ನನ್ನ ಕಾಲರನ್ನು ಹಿಡಿದಿತ್ತು, ಏನ್ರೀ ಅದು ಸದ್ದು, ಏನಿಲ್ಲ ಕಣೇ, ಕುರ್ಚಿ. ಅದಾದ ಒಂಬತ್ತನೆಯ ದಿನ ಹೋದಳು, ತೋಳಿನ ನೀಲಿ ಆಗಿನ್ನೂ ಹಳದಿಗೆ ತಿರುಗುತ್ತಿತ್ತು.

ಅವಳ ಶಾಲಿನಲ್ಲೇ ತೋಳು ಕಟ್ಟಿಕೊಂಡೆ, ವಾರಗಟ್ಟಲೆ ಅಲುಗಿಸಲಿಲ್ಲ, ವಾಸಿಯಾಗದಿರಲಿ ಎಂದೇ, ನೋವಿರುವವರೆಗೆ ಅವಳ ಭಾರ ಅಲ್ಲಿದೆ ಎಂದು, ಇದನ್ನು ಯಾರ ಮುಂದೆ ಹೇಳಲಿ, ಹುಡುಗಿ ಮೊದಲ ದಿನವೇ ಗದರಿದಳು, ಹೀಗೆ ಕಟ್ಟಿಟ್ರೆ ಗಾಯ ಗಂಟಾಗುತ್ತೆ ತಾತ, ಭಾರ ಎಳೆದ ಕಡೆಗೇ ಹೊಸ ಎಳೆ ಸಾಲಾಗೋದು — ಭಾರ ಎಳೆದ ಕಡೆಗೆ, ಹಾಗಾದರೆ ಅವಳ ಕಡೆಗೆ, ಅದೊಂದು ಆಸೆಗೆ ತಿಂಗಳಿಡೀ ಎತ್ತಿದೆ, ಈಗಲೂ ಕಣ್ಣು ಮುಚ್ಚಿ ಎತ್ತುತ್ತೇನೆ, ಹತ್ತು, ಹನ್ನೊಂದು, ಸಾಕು ತಾತ, ತಡಿಯಮ್ಮ, ಇನ್ನೊಂದು, ಅವಳ ಮೂವತ್ತೆಂಟನ್ನು ಕೇಳಿದರೆ ತೋಳು ಎರಡಕ್ಕೆ ನೂರು ಕಮ್ಮಿ ಎನ್ನುತ್ತದೆ, ಬೇರೇನೂ ಹೇಳುವುದಿಲ್ಲ, ದೇವರೇ, ಇಷ್ಟು ಚೆನ್ನಾಗಿ ಏಕೆ ವಾಸಿಮಾಡಿದೆ, ಗೂಟಕ್ಕೆ ತಗುಲಿಸಿದ ಆ ದಿನದ ಅಂಗಿ, ಒಗೆಯಲು ಕೊಟ್ಟಿಲ್ಲ, ಕಾಲರು ಮುದುರಿದೆ, ಅಲ್ಲಿ ಅವಳ ಬೆರಳು, ಎತ್ತುವ ಮೊದಲೇ ಬಂದು ಹಿಡಿಯುವ ಬೆರಳು, ಮುದುರಿದ ಕಾಲರಿನಲ್ಲಿ ನಾಲ್ಕು ಬೆರಳು —